ಹನ್ನೆರಡು ಹಾಸಿಗೆಯ ಅನುಭವ

ಕವಿತಾ ಬಾಯಿಬಿಟ್ಟು ಹೇಳುವ ಮೊದಲೇ ವಿಜೇತಾಳಿಗೆ ಗೊತ್ತಾಗಿಹೋಗಿತ್ತು. ಹುಡುಗಿ ಎರಡು ದಿನಗಳಿಂದ ಡ್ರೆಸ್ಸಿಂಗ್ ಟ್ರೇ ಜೋಡಿಸುತ್ತ, ಬೆಡ್‌ಶೀಟ್ ಮಡಚುತ್ತ, ತುಟಿಯೊಳಗೇ ಇಂಗ್ಲಿಷಿನಲ್ಲಿ ಏನನ್ನೋ ಉರುಹೊಡೆಯುತ್ತಿದ್ದಳು. ತನ್ನ ಹೆಸರು, ಊರು, ಅಪ್ಪನ ಕಸುಬು, ತನ್ನ ಗುಣಗಳು, ತನ್ನ ದೋಷಗಳು. ಇಂಟರ್‌ವ್ಯೂಗೆ ಹೋಗುವವರು ಬಿಟ್ಟರೆ ಬೇರೆ ಯಾರೂ ತಮ್ಮ ದೋಷಗಳನ್ನು ಹೀಗೆ ಬಾಯಿಪಾಠ ಮಾಡುವುದಿಲ್ಲ.

"ಯಾವ ಊರಲ್ಲಿ?" ಎಂದು ವಿಜೇತಾ ಕೇಳಿದಳು.

"ಎಂತದು ಅಕ್ಕೋರೆ?"

"ಇಂಟರ್‌ವ್ಯೂ. ಯಾವ ಊರಲ್ಲಿ ಅಂತ ಕೇಳ್ದೆ."

ಕವಿತಾ ಕೈಯಲ್ಲಿದ್ದ ಹತ್ತಿಯುಂಡೆಯನ್ನು ಇನ್ನಷ್ಟು ಹಿಚುಕಿದಳು. "ಕಾರವಾರದಲ್ಲೇ. ಬೆಂಗ್ಳೂರಿನವ್ರೇ ಅಲ್ಲಿಗೆ ಬತ್ತ್ರಂತೆ. ಐನೂರು ಬೆಡ್ಡಿನ ಆಸ್ಪತ್ರೆ. ಬರೂ ಭಾನುವಾರ. ಇವತ್ತು ನಿಮ್ಗೆ ಹೇಳ್ಬೇಕು ಅಂತೇ ಇದ್ದೆ."

"ಹೇಳೂದೆಂತದು? ಹೋಗು."

ಅಷ್ಟು ಹೇಳಿ ಮೂರನೇ ಹಾಸಿಗೆಯ ಮುದುಕನ ಸಲೈನ್ ನೋಡಲು ಹೋದಳು. ಸಲೈನ್ ಸರಿಯಾಗಿಯೇ ಇಳಿಯುತ್ತಿತ್ತು. ಆದರೂ ಅದರ ಕೊಳವೆಯನ್ನು ಒಮ್ಮೆ ಎಳೆದು, ಒಮ್ಮೆ ಬಿಟ್ಟು, ಆ ಮುದುಕ "ಎಂತಾಯ್ತು ನರ್ಸಬಾಯಿ, ನಂದು ಮುಗೀತನಾ?" ಎಂದು ಗಾಬರಿಯಾಗುವಷ್ಟು ಹೊತ್ತು ಅಲ್ಲೇ ನಿಂತಳು.

ಅಂಕೋಲೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಡಾಕ್ಟರ್ ಮಧುಕರರ ಆ ನರ್ಸಿಂಗ್ ಹೋಮ್ ಶುರುವಾದ ವರ್ಷವೇ ವಿಜೇತಾ ಅಲ್ಲಿ ಕೆಲಸಕ್ಕೆ ಸೇರಿದ್ದಳು. ಹುಬ್ಬಳ್ಳಿಯಲ್ಲಿ ಮೂರು ವರ್ಷ ನರ್ಸಿಂಗ್ ಓದಿ, ಮದುವೆಯಾಗಿ ಅಂಕೋಲೆಗೆ ಬಂದ ಹೊಸತು. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿ ಕರೆ ಬರುವ ತನಕ ಇರಲಿ ಎಂದು ಸೇರಿದವಳು. ಕರೆ ಬರಲಿಲ್ಲ, ಹದಿನಾರು ವರ್ಷ ಹೋಯಿತು. ಈ ಹದಿನಾರು ವರ್ಷದಲ್ಲಿ ಹಾಸಿಗೆಗಳು ಎಂಟರಿಂದ ಹನ್ನೆರಡಾದವು, ಡಾಕ್ಟರ ತಲೆ ಬಿಳಿಯಾಯಿತು, ವಿಜೇತಾಳ ಮಗಳು ಪಿಯುಸಿಗೆ ಬಂದಳು. ಉಳಿದದ್ದೆಲ್ಲ ಹೆಚ್ಚು ಕಡಿಮೆ ಇದ್ದ ಹಾಗೇ ಇತ್ತು. ಬದಲಾಗುತ್ತಿದ್ದದ್ದು ಹುಡುಗಿಯರು ಮಾತ್ರ.

ನರ್ಸಿಂಗ್ ಕಾಲೇಜುಗಳು ಅಣಬೆಯ ಹಾಗೆ ಎದ್ದ ಕಾಲ ಅದು. ಒಂದು ಕಟ್ಟಡ, ಒಂದು ಬೋರ್ಡು, ಒಂದು ರಬ್ಬರಿನ ಗೊಂಬೆ ಇದ್ದರೆ ಕಾಲೇಜಾಯಿತು. ಮೂರು ವರ್ಷ ಆ ಗೊಂಬೆಗೆ ಇಂಜೆಕ್ಷನ್ ಚುಚ್ಚಿ ಪಾಸಾದ ಹುಡುಗಿಯರು ಸರ್ಟಿಫಿಕೇಟು ಹಿಡಿದು ಮಧುಕರ ಡಾಕ್ಟರ ಬಾಗಿಲಿಗೆ ಬರುತ್ತಿದ್ದರು. ಬದುಕಿರುವ ಮನುಷ್ಯನ ಕೈ ಹಿಡಿದರೆ ಅವರದೇ ಕೈ ನಡುಗುತ್ತಿತ್ತು. ವಿಜೇತಾ ಬೈಯುತ್ತಿದ್ದಳು, ಕಲಿಸುತ್ತಿದ್ದಳು, ಮತ್ತೆ ಬೈಯುತ್ತಿದ್ದಳು. ಅವಳ ಬಾಯಿ ಜೋರು ಎಂಬುದು ಊರಿಗೇ ಗೊತ್ತಿದ್ದ ಸಂಗತಿ. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಹುಡುಗಿಯ ಕೈ ನಿಲ್ಲುತ್ತಿತ್ತು, ಕಣ್ಣು ಚುರುಕಾಗುತ್ತಿತ್ತು. ಆಗ ಬೆಂಗಳೂರಿನಿಂದ ಕರೆ ಬರುತ್ತಿತ್ತು. ಅಲ್ಲಿ ತಿಂಗಳಿಗೊಂದು ದೊಡ್ಡ ಆಸ್ಪತ್ರೆ ಏಳುತ್ತಿದೆ, ನರ್ಸುಗಳು ಸಿಗುತ್ತಿಲ್ಲ ಎಂದು ಪೇಪರಿನಲ್ಲೂ ಬರುತ್ತಿತ್ತು. ಹುಡುಗಿ ಒಂದು ಡಬ್ಬ ಪೇಡೆ ತಂದು, ಕಾಲಿಗೆ ನಮಸ್ಕಾರ ಮಾಡಿ, ಹೋಗಿಬಿಡುತ್ತಿದ್ದಳು.

ಈ ಸಲ ಕವಿತಾಳ ತಾಯಿ ಸೋಮಿ ಪೇಡೆಯ ಬದಲು ಮಾವಿನ ಹಣ್ಣು ತಂದಳು. ಬೆಳಂಬಾರದಿಂದ ಬುಟ್ಟಿಯಲ್ಲಿ ಕರಿ ಇಶಾಡು ಹೊತ್ತುಕೊಂಡು ಬಂದು, ನರ್ಸಿಂಗ್ ಹೋಮಿನ ಜಗಲಿಯ ಮೇಲೆ ಇಳಿಸಿ, ಕೊರಳಿನ ಮಣಿಸರಗಳನ್ನು ಸರಿಮಾಡಿಕೊಂಡು ಕೂತಳು.

"ನೀವೊಂದು ಕೂಡೆ ಹೋಗ್ಬೇಕು ಅಕ್ಕೋರೆ," ಎಂದಳು. "ಅವ್ಳ ಅಪ್ಪಂಗೆ ಗದ್ದೆ ಬಿಟ್ರೆ ಮತ್ತೆಂತದೂ ತೆಳೂದಿಲ್ಲ. ನಂಗಂತೂ ಅದೂ ಇಲ್ಲ. ದೊಡ್ಡ ಊರಿನವ್ರು ಎಂತ ಕೇಳ್ತ್ರೋ, ಎಲ್ಲಿಗೆ ಸೈ ಮಾಡು ಅಂತ್ರೋ."

"ನಾ ಎಂತಕ್ಕೆ ಸೋಮಿ? ನಾನೇ ಅವ್ಳನ್ನ ಕಳ್ಸಿಕೊಡೂದಾ?"

"ಕಳ್ಸಿದ್ರೂ ಹೋತಾಳೆ, ಬಿಟ್ರೂ ಹೋತಾಳೆ," ಎಂದು ಸೋಮಿ ಸಮಾಧಾನವಾಗಿ ಹೇಳಿದಳು. "ನೀವು ಕೂಡೆ ಇದ್ರೆ ಮೋಸ ಆಗೂದಿಲ್ಲ ಅಷ್ಟೆ."

ವಿಜೇತಾ ಒಪ್ಪಿಕೊಂಡಳು. ಶನಿವಾರ ಸಂಜೆ ಮನೆಯಲ್ಲಿ ಸೀರೆ ಹುಡುಕುವ ನೆವದಲ್ಲಿ ಕಪಾಟಿನ ಮೇಲಿನ ಅರೆಯಿಂದ ತನ್ನ ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಚೀಲವನ್ನೂ ತೆಗೆದಳು. ಯಾಕೆ ತೆಗೆಯುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ. ಬ್ಯಾಗಿನಲ್ಲಿ ಅದನ್ನು ಅಡಿಗಿಟ್ಟು ಮೇಲೆ ನೀರಿನ ಬಾಟಲಿ ಇಟ್ಟಳು. ಮಗಳ ಓದು ಮುಂದಿದೆ. ಗಂಡ ಸಂದೇಶ ಬೈತಖೋಲದ ಬಂದರು ಕಚೇರಿಯಲ್ಲಿ ಗುಮಾಸ್ತ, ಅವನ ಸಂಬಳದಲ್ಲಿ ಮನೆ ನಡೆಯುತ್ತದೆ, ಓಡುವುದಿಲ್ಲ. ಆದರೆ ನಿಜ ಹೇಳಬೇಕೆಂದರೆ ಅವಳನ್ನು ಕೊರೆಯುತ್ತಿದ್ದದ್ದು ಅದಲ್ಲ. ತಾನು ಕಲಿಸಿದವರೆಲ್ಲ ಬೇಕಾದವರಾದರೆ ತಾನು ಯಾಕೆ ಬೇಡ ಎಂಬ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಬಹಳ ದಿನದಿಂದ ಕೂತಿತ್ತು.

ಭಾನುವಾರ ಬೆಳಿಗ್ಗೆಯ ಬಸ್ಸಿನಲ್ಲಿ ಕವಿತಾ ಕಿಟಕಿಯ ಪಕ್ಕ ಕೂತಳು. ಅವರ್ಸಾ ದಾಟಿತು, ಹಟ್ಟಿಕೇರಿ ದಾಟಿತು. ಹುಡುಗಿಯ ತುಟಿ ಇನ್ನೂ ಆಡುತ್ತಿತ್ತು.

"ಆ ದೋಷ ಹೇಳೂದು ಬಿಡು," ಎಂದಳು ವಿಜೇತಾ. "ಅವ್ರು ಕೇಳಿದ್ರೆ ನಾನು ಬೆಳಿಗ್ಗೆ ಚಾ ಕುಡೀದೆ ಇದ್ರೆ ಸಿಟ್ಟು ಬತ್ತದೆ ಅಂತ ಹೇಳು. ಸಾಕು."

"ಅದು ನಿಮ್ದು ಅಕ್ಕೋರೆ," ಎಂದು ಕವಿತಾ ನಕ್ಕಳು. ವಿಜೇತಾಳೂ ನಕ್ಕಳು. ಬಿಣಗಾ ಘಟ್ಟ ಇಳಿಯುವಾಗ ಎಡಕ್ಕೆ ಸಮುದ್ರ ಕಂಡಿತು. ಆ ಹೊತ್ತಿನಲ್ಲಿ ಅವಳಿಗೆ ಹುಡುಗಿಯ ಮೇಲೆ ಸಿಟ್ಟಿರಲಿಲ್ಲ.

ಇಂಟರ್‌ವ್ಯೂ ಇದ್ದದ್ದು ಒಂದು ಲಾಡ್ಜಿನ ಮದುವೆ ಹಾಲಿನಲ್ಲಿ. ಹಿಂದಿನ ದಿನದ ಮದುವೆಯ ಜರಿ ಕಾಗದ ಇನ್ನೂ ಕಂಬಗಳಲ್ಲಿ ನೇತಾಡುತ್ತಿತ್ತು. ಕುಮಟೆಯವರು, ಹೊನ್ನಾವರದವರು, ಶಿರಸಿಯವರು, ಹಳಿಯಾಳದಿಂದ ಬೆಳಗಿನ ಜಾವವೇ ಹೊರಟು ಬಂದವರು, ಎಲ್ಲರೂ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿಯರು. ಗೋಡೆಗೆ ಹಚ್ಚಿದ ದೊಡ್ಡ ಚಿತ್ರದಲ್ಲಿ ಗಾಜಿನ ಕಟ್ಟಡ, ಅದರ ಮುಂದೆ ಬಿಳಿ ಟೋಪಿಯ ನರ್ಸೊಬ್ಬಳು ಹಲ್ಲು ಬಿಟ್ಟು ನಿಂತಿದ್ದಳು. ಆ ನಗು ನರ್ಸುಗಳದ್ದಲ್ಲ ಎಂದು ವಿಜೇತಾಳಿಗೆ ನೋಡಿದ ಕೂಡಲೇ ತಿಳಿಯಿತು. ಟೂತ್‌ಪೇಸ್ಟಿನ ಜಾಹೀರಾತಿನವರದ್ದು.

ಬಾಗಿಲಲ್ಲಿ ಕೂತ ಹುಡುಗ ಕವಿತಾಳ ಹೆಸರು ಬರೆದುಕೊಂಡು "ನೀವು ತಾಯಿನಾ ಮೇಡಂ? ಪಾಲಕರು ಆ ಕಡೆ ಕೂತ್ಕೊಳ್ಳಿ," ಎಂದ.

ಏನಾಯಿತೋ, ವಿಜೇತಾ ಅಂದುಬಿಟ್ಟಳು: "ಪಾಲಕಳಲ್ಲ. ನನ್ನ ಹೆಸರೂ ಬರ್ಕೊಳ್ಳಿ."

ಕವಿತಾ ಒಮ್ಮೆ ತಿರುಗಿ ನೋಡಿ, ಕುರ್ಚಿಗಳ ಕಡೆ ನಡೆದಳು. ಯಾಕೆಂದು ಕೇಳಿದ್ದರೆ ಚೆನ್ನಾಗಿತ್ತು.

ಕವಿತಾಳ ಸರದಿ ಮೊದಲು ಬಂತು, ಬೇಗ ಮುಗಿಯಿತು. ಅವಳು ಹೊರಗೆ ಬರುವಾಗ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆಮೇಲೆ ವಿಜೇತಾಳನ್ನು ಕರೆದರು. ಒಳಗೆ ಉದ್ದನೆಯ ಮೇಜಿನ ಹಿಂದೆ ಇಬ್ಬರು ಕೂತಿದ್ದರು. ಒಬ್ಬ ಟೈ ಕಟ್ಟಿದ ಮೂವತ್ತರ ಗಂಡಸು. ಇನ್ನೊಬ್ಬಳು ದೀಪಾಲಿ.

ಬೈತಖೋಲದ ದೀಪಾಲಿ. ಏಳು ವರ್ಷದ ಹಿಂದೆ ಅಂಕೋಲೆಗೆ ಕಲಿಯಲು ಬಂದಾಗ ರಕ್ತನಾಳ ಹುಡುಕಲಾರದೆ ಅಳುತ್ತಿದ್ದ ಹುಡುಗಿ. ರೋಗಿಗಳು ಅವಳನ್ನು ಕಂಡರೆ ಕೈ ಚಾದರದೊಳಗೆ ಎಳೆದುಕೊಳ್ಳುತ್ತಿದ್ದರು. ಕಡೆಗೆ ವಿಜೇತಾ ತನ್ನ ತೋಳನ್ನೇ ಚಾಚಿ "ಇಲ್ಲಿ ಚುಚ್ಚು, ತಪ್ಪಿದ್ರೆ ಮತ್ತೆ ಚುಚ್ಚು" ಎಂದು ಒಂದು ಮಧ್ಯಾಹ್ನವಿಡೀ ಕೂತಿದ್ದಳು. ಅವಳು ಬೆಂಗಳೂರಿಗೆ ಹೊರಟಾಗ ಸಿಟ್ಟಿನಲ್ಲಿ ಪೇಡೆಯ ಡಬ್ಬ ಮುಟ್ಟದೆ ವಾಪಸ್ಸು ಕಳಿಸಿದ್ದೂ ವಿಜೇತಾಳೇ. ಈಗ ದೀಪಾಲಿಗೆ ಕನ್ನಡಕ ಬಂದಿತ್ತು. ಎದೆಯ ಮೇಲೆ ನರ್ಸಿಂಗ್ ಸೂಪರ್‌ವೈಸರ್ ಎಂಬ ಬಿಲ್ಲೆ.

"ವಿಜೇತಕ್ಕಾ," ಎಂದು ದೀಪಾಲಿ ಅರ್ಧ ಎದ್ದಳು. ಪಕ್ಕದವನು ನೋಡಿದ್ದರಿಂದ ಕೂತಳು.

ಅವನು ಒಳ್ಳೆಯವನೇ. ನಮಸ್ಕಾರ ಹೇಳಿದ, ಕೂರಲು ಹೇಳಿದ. ಹಾಳೆಗಳನ್ನು ತಿರುವಿ, "ಹದಿನಾರು ವರ್ಷ ಒಂದೇ ಕಡೆ. ಗುಡ್. ಎಷ್ಟು ಬೆಡ್ ಮೇಡಂ?" ಎಂದು ಕೇಳಿದ.

"ಹನ್ನೆರಡು."

"ನೂರಾ ಹನ್ನೆರಡಾ?"

"ಹನ್ನೆರಡು."

ಅವನು ಪೆನ್ನು ಕೆಳಗಿಟ್ಟ. "ಮೇಡಂ, ನಮ್ಮಲ್ಲೊಂದು ರೂಲ್ ಇದೆ. ನೂರು ಬೆಡ್ಡಿಗಿಂತ ಕಡಿಮೆ ಇರೋ ಆಸ್ಪತ್ರೇದು ಎಕ್ಸ್‌ಪೀರಿಯೆನ್ಸ್ ಅಂತ ಲೆಕ್ಕಕ್ಕೆ ತಗೊಳಲ್ಲ."

"ಲೆಕ್ಕಕ್ಕೆ ತಗೊಳ್ಳೂದಿಲ್ಲ ಅಂದ್ರೆ, ಎಷ್ಟು ಹಿಡೀತ್ರಿ? ಅರ್ಧ?"

"ಸೊನ್ನೆ ಮೇಡಂ."

ಸೊನ್ನೆ. ವಿಜೇತಾ ದೀಪಾಲಿಯ ಕಡೆ ನೋಡಿದಳು. ದೀಪಾಲಿ ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತಿದ್ದಳು.

"ಇವ್ಳು," ಎಂದಳು ವಿಜೇತಾ, ದನಿ ಏರದಂತೆ ಬಲವಂತವಾಗಿ ಹಿಡಿದುಕೊಂಡು, "ನಿಮ್ಮ ಸೂಪರ್‌ವೈಸರ್, ಅಲ್ಲೇ ಕಲಿತವ್ಳು. ಈಗ ನೀವು ತಕಂಡ್ರಲ್ಲ ಕವಿತಾ, ಅವ್ಳೂ ಅಲ್ಲೇ ಕಲಿತವ್ಳು. ಹಾಂಗಾದ್ರೆ ಅವ್ರು ಕಲ್ತದ್ದೂ ಸೊನ್ನೆನಾ?"

"ಅವ್ರನ್ನ ನಾವು ಫ್ರೆಶರ್ ಅಂತ ತಗೊಂಡಿದೀವಿ ಮೇಡಂ. ಟ್ರೇನಿ. ನಿಮ್ಮನ್ನೂ ಟ್ರೇನಿ ಅಂತ ತಗೋಬಹುದು, ಆದ್ರೆ..." ಅವನು ದೀಪಾಲಿಯ ಕಡೆ ತಿರುಗಿದ. "ನೀವು ಹೇಳಿ."

ದೀಪಾಲಿ ತಲೆಯೆತ್ತಿದಳು. "ಟ್ರೇನಿ ಅಂದ್ರೆ ಹಾಸ್ಟೆಲಲ್ಲಿ ಇರ್ಬೇಕು ಅಕ್ಕ. ಒಂದು ರೂಮಿಗೆ ಎಂಟು ಜನ. ಎರಡು ವರ್ಷದ ಬಾಂಡು. ನನ್ನ ಕೈಕೆಳಗೆ..."

ವಿಜೇತಾ ತನ್ನ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿದಳು. ಒಂದು ಮೂಲೆ ಸಿಕ್ಕಿಕೊಂಡು ಮಡಚಿತು. ಇಬ್ಬರೂ ಅವಳು ಅದನ್ನು ಬಿಡಿಸುವುದನ್ನೇ ನೋಡುತ್ತ ಕೂತರು. ಆ ಅರ್ಧ ನಿಮಿಷದಲ್ಲಿ ಇಂಟರ್‌ವ್ಯೂ ಇಡೀ ಪಟ್ಟ ನಾಚಿಕೆಗಿಂತ ಹೆಚ್ಚು ನಾಚಿಕೆಯಾಯಿತು.

ಹೊರಗಿನ ಪಡಸಾಲೆಯಲ್ಲಿ ದೀಪಾಲಿ ಓಡಿ ಬಂದು ಹಿಡಿದಳು. "ಅಕ್ಕ, ನಿಲ್ಲಿ. ಸಿಟ್ಟು ಮಾಡ್ಬೇಡಿ."

"ಸಿಟ್ಟಲ್ಲ. ನಂಗೊಂದು ತಿಳೀಬೇಕು. ನರ್ಸುಗಳು ಸಿಗೂದಿಲ್ಲ, ಸಿಗೂದಿಲ್ಲ ಅಂತ ಊರೂರು ತಿರುಗ್ತಿದ್ದೀರಿ. ಸಿಕ್ಕಿದವ್ಳನ್ನ ಸೊನ್ನೆ ಅಂತ ಕಳ್ಸ್ತೀರಿ. ಇದೆಂತಾ ಲೆಕ್ಕ ದೀಪಾಲಿ?"

ದೀಪಾಲಿ ಸುತ್ತ ನೋಡಿ ದನಿ ತಗ್ಗಿಸಿದಳು. "ನಮ್ಗೆ ನರ್ಸು ಬೇಕು ಅಕ್ಕ, ಹೌದು. ಹಳೇ ನರ್ಸು ಬೇಡ. ಅನುಭವ ಇದ್ದವ್ರಿಗೆ ಸಂಬಳ ಹೆಚ್ಚು ಕೊಡ್ಬೇಕು. ಅವ್ರು ಎರಡೇ ವರ್ಷ ನಿಲ್ತಾರೆ, ದುಬೈಗೆ ಹೋಗ್ತಾರೆ, ಲಂಡನ್ನಿಗೆ ಹೋಗ್ತಾರೆ. ಹೊಸ ಹುಡುಗೀರು ಬಂದ್ರೆ ಅರ್ಧ ಸಂಬಳ, ಬಾಂಡು ಮುಗಿಯೋ ತನಕ ಅಲ್ಲಾಡುದಿಲ್ಲ. ಅವ್ರು ಹೋದ್ರೆ ಮತ್ತೆ ನಾನು ಬಸ್ಸು ಹತ್ತಿ ಹೊರಡ್ತೆ. ಹೋದ ತಿಂಗಳು ಬಿಜಾಪುರ, ಈ ತಿಂಗಳು ಇಲ್ಲಿ. ನನ್ನ ವಾರ್ಡಲ್ಲಿ ರಾತ್ರಿಗೆ ನಲವತ್ತು ಪೇಶಂಟಿಗೆ ಇಬ್ಬರೇ ಹುಡುಗೀರು. ಇಬ್ಬರಿಗೂ ಕೈ ನಡುಗ್ತದೆ. ನೀವು ಬಂದ್ರೆ ಎರಡನೇ ದಿನಾನೇ ಜಗಳ ಆಗ್ತದೆ. ನಂಗೆ ಗೊತ್ತಿಲ್ವಾ ನಿಮ್ಮನ್ನ?"

"ನೀನೂ ಹೋಗ್ತ್ಯಾ ದುಬೈಗೆ?"

ದೀಪಾಲಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಸೆಪ್ಟೆಂಬರಿಗೆ ಅಬುಧಾಬಿ. ಯಾರಿಗೂ ಹೇಳ್ಬೇಡಿ."

ವಾಪಸ್ಸು ಬರುವ ಬಸ್ಸಿನಲ್ಲೂ ಕವಿತಾ ಕಿಟಕಿಯ ಪಕ್ಕವೇ ಕೂತಳು. ಅಮದಳ್ಳಿ ದಾಟಿದ ಮೇಲೆ ವಿಜೇತಾ ಕೇಳಿದಳು: "ಒರಿಜಿನಲ್ ಸರ್ಟಿಫಿಕೇಟು ಅವ್ರೇ ಇಟ್ಕಳ್ತ್ರಂತಾ?"

"ಹೌದಂತೆ. ಎರಡು ವರ್ಷ."

"ನಡೂವೆ ಬಿಟ್ರೆ?"

"ದುಡ್ಡು ಕಟ್ಬೇಕಂತೆ."

"ಎಲ್ಲ ಕೇಳಿ ತಿಳ್ಕಂಡೇ ಒಪ್ಪಿದ್ಯಾ? ನಿನ್ನ ಆಯಿ ನನ್ನ ಮೇಲೆ ಭರವಸೆ ಇಟ್ಟು ಕಳ್ಸಿದ್ದಾಳೆ ತಂಗಿ. ಬಾಂಡು ಇಲ್ದೇ ಇರೂ ಕಡೆ ನೋಡು. ಸ್ವಲ್ಪ ತಡ ಆದ್ರೆ ಆಗ್ಲಿ."

ಕವಿತಾ ಕಿಟಕಿಯಿಂದ ಹೊರಗೇ ನೋಡುತ್ತ ಹೇಳಿದಳು: "ತಡ ಮಾಡಿ ಎಂತ ಮಾಡೂದು ಅಕ್ಕೋರೆ? ಇಲ್ಲೇ ಎಷ್ಟು ವರ್ಷ ಇದ್ರೂ ಅವ್ರು ಕೇಳೂದು ಎಷ್ಟು ಬೆಡ್ ಅಂತ. ನಿಮ್ಮ ಹಾಂಗೆ..." ಮಾತು ಬಿಟ್ಟು ಈ ಕಡೆ ತಿರುಗಿದಳು. ಆಮೇಲೆ, "ತಪ್ಪು ತಿಳೀಬೇಡಿ," ಎಂದಳು.

ಅವಳ ಮಾತಿನಲ್ಲಿ ತಪ್ಪು ತಿಳಿಯುವಂಥದ್ದು ಏನೂ ಇರಲಿಲ್ಲ. ವಿಜೇತಾಳಿಗೆ ಚುಚ್ಚಿದ್ದೇ ಅದು.

ಮನೆಯಲ್ಲಿ ಸಂದೇಶ ಬಂಗಡೆ ಮೀನು ತಂದು ತಾನೇ ಹೆಚ್ಚುತ್ತಿದ್ದ. ಭಾನುವಾರ ಅವನು ಅಷ್ಟು ಮಾಡುತ್ತಿದ್ದ. ಅವಳು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದಳು. ಅವನು ಪೂರ್ತಿ ಕೇಳಿ, "ಒಳ್ಳೇದೇ ಆಯ್ತು ಬಿಡು. ನಿಂಗ್ಯಾಕೆ ಈ ವಯಸ್ಸಲ್ಲಿ ಹಾಸ್ಟೆಲ್ಲು? ಇಲ್ಲಿ ಎಂತ ಕಡಿಮೆ ಆಗಿದೆ?" ಎಂದ.

"ನಾ ಹಾಸ್ಟೆಲ್ಲಿಗೆ ಹೋಗ್ತೆ ಅಂದ್ನಾ? ನನ್ನ ಹದಿನಾರು ವರ್ಷಕ್ಕೆ ಸೊನ್ನೆ ಹಾಕಿದ್ರು ಅಂತ ಹೇಳ್ತಿದ್ದೆ. ನಿಮ್ಮ ಸರ್ವಿಸ್ಸಿಗೆ ಯಾರಾದ್ರೂ ಸೊನ್ನೆ ಹಾಕಿದ್ರೆ ಒಳ್ಳೇದೇ ಆಯ್ತು ಅಂತಿದ್ರಾ?"

ಸಂದೇಶ ಚಾಕು ಹಿಡಿದುಕೊಂಡೇ ನಿಂತ. ಅವನ ಸರ್ವಿಸ್ಸಿಗೆ ಇಂಕ್ರಿಮೆಂಟು ಇತ್ತು, ಪಿಂಚಣಿ ಇತ್ತು, ಬಂದರಿನಲ್ಲಿ ಎಷ್ಟು ದೋಣಿ ನಿಲ್ಲುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಆ ದಿನ ಸಾರು ಖಾರವಾಯಿತು, ಯಾರೂ ದೂರಲಿಲ್ಲ.

ಮರುದಿನ ಮಧುಕರ ಡಾಕ್ಟರು ರೌಂಡ್ಸ್ ಮುಗಿಸಿ ಕೈ ತೊಳೆಯುತ್ತ, "ಕವಿತಾ ಹೊರಟ್ಳಂತಲ್ಲ. ಇರ್ಲಿ. ಗಂಗೆ ಅಂತ ಒಬ್ಬ ಹುಡುಗಿ ಬರ್ತಾಳೆ, ಹಟ್ಟಿಕೇರಿಯವ್ಳು. ನೀನು ಸ್ವಲ್ಪ ಎಲ್ಲ ತೋರ್ಸು," ಎಂದರು. ಮಳೆಗಾಲಕ್ಕೆ ಮುಂಚೆ ತೆಂಗಿನ ಕಾಯಿ ಇಳಿಸಲು ಹೇಳಿದಷ್ಟೇ ಸಲೀಸಾಗಿ.

"ನಾ ತೋರ್ಸೂದಿಲ್ಲ ಡಾಕ್ಟ್ರೆ."

ಡಾಕ್ಟರು ನಲ್ಲಿ ನಿಲ್ಲಿಸಿದರು.

"ನಾ ಕಲ್ಸಿದ್ದು ಬೆಂಗ್ಳೂರಿಗೆ, ಬೆಂಗ್ಳೂರಿಂದ ದುಬೈಗೆ. ಅಲ್ಲಿಯವ್ರು ನನ್ನ ಕೇಳಿದ್ರೆ ನೀ ಎಂತದೂ ಅಲ್ಲ ಅಂತ್ರು. ನಂಗೆ ಸಾಕಾಯ್ತು."

"ನೀನೂ ಹೋಗಿದ್ಯಾ ಅಲ್ಲಿ?" ಡಾಕ್ಟರ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಿತ್ತು. ಟವೆಲಿನಲ್ಲಿ ಕೈ ಒರೆಸುತ್ತ ಕುರ್ಚಿಯಲ್ಲಿ ಕೂತರು. "ನಂಗೇನು ಸುಖ ಅಂತ ತಿಳಿದ್ಯಾ ವಿಜೇತಾ? ಎಕ್ಸ್‌ರೇ ಹುಡುಗ ಮಡಗಾಂವಿಗೆ ಹೋದ. ಲ್ಯಾಬಿನವ ನೋಟೀಸು ಕೊಟ್ಟಿದ್ದಾನೆ. ಸಂಬಳ ಹೆಚ್ಚು ಮಾಡಿದ್ರೆ ಬಿಲ್ಲು ಹೆಚ್ಚು ಮಾಡ್ಬೇಕು. ಬಿಲ್ಲು ಹೆಚ್ಚು ಮಾಡಿದ್ರೆ ಬೆಳಂಬಾರದವ್ರು ಇಲ್ಲಿಗೆ ಬರೂದಿಲ್ಲ, ಮನೆಯಲ್ಲೇ ಬಿದ್ಕೊಳ್ತಾರೆ. ಆದ್ರೂ ಈ ತಿಂಗ್ಳಿಂದ ನಿಂಗೆ ಸ್ವಲ್ಪ ಹೆಚ್ಚಿಗೆ ಕೊಡ್ತೆ. ಆಯ್ತಾ?"

ಹದಿನಾರು ವರ್ಷದಲ್ಲಿ ಅವಳು ಕೇಳದೆಯೇ ಡಾಕ್ಟರು ಸಂಬಳ ಹೆಚ್ಚಿಸುತ್ತೇನೆಂದದ್ದು ಅದೇ ಮೊದಲು. ಹಿಂದಿನ ವಾರವಾಗಿದ್ದರೆ ಅವಳು ಕರಗುತ್ತಿದ್ದಳು. ಈಗ, ತಾನು ಹೋಗಬಹುದಾದವಳು ಎಂದು ಗೊತ್ತಾದ ಮೇಲೆಯೇ ತನಗೆ ಬೆಲೆ ಬಂತಲ್ಲ ಎಂದು ಇನ್ನಷ್ಟು ರೇಗಿತು.

"ದುಡ್ಡಿನ ಮಾತಲ್ಲ ಡಾಕ್ಟ್ರೆ. ನೀವು ಎಷ್ಟು ಕೊಟ್ರೂ ಇಲ್ಲಿ ಹನ್ನೆರಡೇ ಹಾಸಿಗೆ."

"ಅದಕ್ಕೆ ನಾನೇನು ಮಾಡ್ಲಿ?"

ಅವರೇನು ಮಾಡಲು ಸಾಧ್ಯವಿತ್ತು? ಅವಳಿಗೂ ಗೊತ್ತಿತ್ತು. ಯಾರ ಕೊರಳ ಪಟ್ಟಿ ಹಿಡಿಯಬೇಕೆಂದು ಹುಡುಕುತ್ತ ಹೋದರೆ ಒಬ್ಬರೂ ಕೈಗೆ ಸಿಗುತ್ತಿರಲಿಲ್ಲ. ಡಾಕ್ಟರೂ ಅಲ್ಲ, ದೀಪಾಲಿಯೂ ಅಲ್ಲ, ಆ ಟೈ ಕಟ್ಟಿದವನೂ ಅಲ್ಲ. ಎಲ್ಲರೂ ತಮಗಿಂತ ಮೇಲಿನವರ ನಿಯಮ ತೋರಿಸುತ್ತಿದ್ದರು. ಅಬುಧಾಬಿ ಬೆಂಗಳೂರಿನಿಂದ ಎಳೆಯುತ್ತದೆ, ಬೆಂಗಳೂರು ಅಂಕೋಲೆಯಿಂದ ಎಳೆಯುತ್ತದೆ, ಅಂಕೋಲೆ ಹಟ್ಟಿಕೇರಿಯಿಂದ. ಹಟ್ಟಿಕೇರಿಯವರು ಕಾಯಿಲೆ ಬಿದ್ದರೆ ನೋಡಿಕೊಳ್ಳಲು ಗಂಗೆ ಎಂಬ ಇನ್ನೂ ಏನೂ ತಿಳಿಯದ ಹುಡುಗಿ.

ಗಂಗೆ ಬಂದಳು. ಮೊದಲ ಎರಡು ದಿನ ವಿಜೇತಾ ನಿಜಕ್ಕೂ ಏನೂ ತೋರಿಸಲಿಲ್ಲ. ಹುಡುಗಿ ಕಂಬಕ್ಕೆ ಆತು ನಿಂತಿರುತ್ತಿದ್ದಳು, ಕರೆದ ಕಡೆ ಓಡುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು. ಮೂರನೇ ದಿನ ಜ್ವರದ ಮಗುವೊಂದಕ್ಕೆ ಸೂಜಿ ಹಾಕಲು ಹೋಗಿ, ಮಗು ಕಿರುಚಿ, ಅದರ ತಾಯಿ ಗಂಗೆಯ ಕೈಗೆ ಹೊಡೆದಳು. ವಿಜೇತಾ ಹೋಗಿ ಮಗುವನ್ನು ಎತ್ತಿಕೊಂಡಳು. "ಮೊದ್ಲು ಮಗೂನ ಕೈ ಬೆಚ್ಚಗೆ ಮಾಡು. ಆಮೇಲೆ ಹುಡುಕು," ಎಂದಳು. ತಾನು ಮತ್ತೆ ಶುರುಮಾಡಿದೆ ಎಂದು ಹೇಳಿದ ಮೇಲೆ ಗೊತ್ತಾಯಿತು. ಮಗುವಿನ ತಪ್ಪೇನು, ಹುಡುಗಿಯ ತಪ್ಪೇನು? ಈ ನರ್ಸಿಂಗ್ ಹೋಮಿನಲ್ಲಿದ್ದರೆ ತನಗೆ ಇದರಿಂದ ಬಿಡುಗಡೆಯಿಲ್ಲ ಎಂಬುದು ಅವತ್ತು ಖಚಿತವಾಯಿತು. ಗಂಗೆಗೆ ಒಂದು ತಿಂಗಳಲ್ಲಿ ಕಲಿಸಬಹುದಾದಷ್ಟನ್ನು ಕಲಿಸಿ, ಮಳೆಗಾಲ ಹಿಡಿಯುವ ಮೊದಲು ಕೆಲಸ ಬಿಟ್ಟಳು.

ಕಾರವಾರದಲ್ಲಿ ಟ್ರಸ್ಟಿನವರದೊಂದು ಆಸ್ಪತ್ರೆ ಇತ್ತು, ನೂರಾ ಹತ್ತು ಹಾಸಿಗೆಯದ್ದು. ಅಲ್ಲಿಯ ನರ್ಸುಗಳನ್ನು ಗೋವೆಯವರು ಎಳೆದುಕೊಂಡು ಹೋಗುತ್ತಿದ್ದುದರಿಂದ ಬಾಗಿಲು ಯಾವಾಗಲೂ ತೆರೆದೇ ಇರುತ್ತಿತ್ತು. ಹೊಸಬಳು ಎಂದೇ ತೆಗೆದುಕೊಂಡರು. ಸಂಬಳ ಡಾಕ್ಟರು ಕೊಡುತ್ತಿದ್ದುದಕ್ಕಿಂತ ತುಸು ಕಡಿಮೆ. ಗಂಡಸರ ವಾರ್ಡಿನ ಇನ್‌ಚಾರ್ಜ್ ದುರ್ಗಾ ಎಂಬವಳಿಗೆ ಇಪ್ಪತ್ತಾರು ವರ್ಷ. ಮೊದಲ ದಿನ ಅವಳು ವಿಜೇತಾಳಿಗೆ ಬೆಡ್‌ಶೀಟಿನ ಮೂಲೆ ಮಡಚುವುದು ಹೇಗೆ ಎಂದು ತೋರಿಸಿಕೊಟ್ಟಳು. ವಿಜೇತಾ ನಾಲಿಗೆ ಕಚ್ಚಿಕೊಂಡು ನೋಡಿದಳು. ಎರಡು ವರ್ಷ, ಎಂದು ತನಗೇ ಹೇಳಿಕೊಂಡಳು. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ನೂರು ಹಾಸಿಗೆಯ ಅನುಭವ.

ಸಂದೇಶ ಮೊದಮೊದಲು ಗೊಣಗಿದ. ಆಮೇಲೆ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಡತೊಡಗಿದರು. ಅವನು ಬೈತಖೋಲದಲ್ಲಿ ಇಳಿಯುವಾಗ "ಜಗಳ ಮಾಡ್ಬೇಡ ಹಾಂ" ಎಂದು ಹೇಳುವುದನ್ನು ಒಂದು ದಿನವೂ ಮರೆಯಲಿಲ್ಲ.

ಕವಿತಾ ದೀಪಾವಳಿಗೆ ಬೆಂಗಳೂರಿನಿಂದ ಫೋನ್ ಮಾಡಿದಳು. ರಜೆ ಸಿಕ್ಕಿಲ್ಲ ಎಂದಳು, ಊಟಕ್ಕೆ ಮೀನಿಲ್ಲ ಎಂದಳು, ಇಪ್ಪತ್ತು ರಾತ್ರಿ ಪಾಳಿ ಒಟ್ಟಿಗೇ ಬಂತು ಎಂದಳು. ಅತ್ತಳಾ ಇಲ್ಲವಾ ಎಂದು ಗೊತ್ತಾಗಲಿಲ್ಲ, ಲೈನು ಸರಿಯಿರಲಿಲ್ಲ. "ಬಿಟ್ಟು ಬಾ" ಎನ್ನಲು ವಿಜೇತಾ ಬಾಯಿ ತೆರೆದವಳು, ಎಲ್ಲಿಗೆ ಬಾ ಎನ್ನುವುದೆಂದು ತಿಳಿಯದೆ, "ಹೊತ್ತಿಗೆ ಸರಿಯಾಗಿ ಉಣ್ಣು ತಂಗಿ" ಎಂದಷ್ಟೇ ಹೇಳಿದಳು.

ಮುಂದಿನ ಫೆಬ್ರುವರಿಯಲ್ಲಿ ದೀಪಾಲಿ ಅಬುಧಾಬಿಯಿಂದ ಮಾತಾಡಿದಳು. ದನಿ ಸಂತೋಷವಾಗಿತ್ತು. ವಿಜೇತಾ ತಾನು ನೂರು ಹಾಸಿಗೆಯ ಆಸ್ಪತ್ರೆ ಸೇರಿದ್ದನ್ನೂ ತನ್ನ ಎರಡು ವರ್ಷದ ಲೆಕ್ಕವನ್ನೂ ಹೇಳಿದಳು.

"ಅಕ್ಕ, ಎರಡು ವರ್ಷ ಆದ್ಮೇಲೆ ನಿಮ್ಗೆಷ್ಟು ವಯಸ್ಸು?"

"ನಲವತ್ತರ ಹತ್ರ. ಎಂತಕ್ಕೆ?"

"ಈಗ ಎಲ್ಲಾ ಕಡೆ ಹೊಸ ರೂಲ್ ಮಾಡಿದ್ದಾರಂತೆ. ಬೆಂಗ್ಳೂರಲ್ಲೂ, ಇಲ್ಲೂ. ಮೂವತ್ತೈದರ ಒಳಗೇ ಆಗ್ಬೇಕು."

ವಿಜೇತಾ ಫೋನ್ ಇಟ್ಟಳು. ವಾರ್ಡಿನ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಸಂತೆಯಲ್ಲಿ ತಾನು ದುಡ್ಡು ಜೋಡಿಸಿಕೊಂಡು ಬರುವಷ್ಟರಲ್ಲಿ ಪ್ರತಿಸಲವೂ ದರ ಏರಿಸುವ ಮೀನುಗಾರ್ತಿಯ ಮುಂದೆ ನಿಂತ ಹಾಗಾಯಿತು. ಆ ಮೀನೇ ಬೇಡ ಎಂದು ಎದ್ದು ಬರುವುದೊಂದೇ ಉಳಿದಿರುವುದು.

ಅದಾಗಿ ಹದಿನೈದು ದಿನಕ್ಕೆ ದುರ್ಗಾಳಿಗೆ ಪಣಜಿಯಲ್ಲಿ ಕೆಲಸ ಸಿಕ್ಕಿತು. ಮ್ಯಾನೇಜರ್ ವಿಜೇತಾಳನ್ನು ಕರೆಸಿದರು. "ವಾರ್ಡು ಸ್ವಲ್ಪ ನೋಡ್ಕೊಳ್ಳಿ ವಿಜೇತಾಬಾಯಿ. ನಾಲ್ಕು ಹೊಸ ಹುಡುಗೀರು ಬರ್ತಿದ್ದಾರೆ. ನೀವು ಚಲೋ ಕಲಿಸ್ತ್ರಿ ಅಂತ ಕೇಳ್ದೆ."

"ಇನ್‌ಚಾರ್ಜ್ ಅಂತ ಆರ್ಡರ್ ಕೊಡಿ," ಎಂದಳು ವಿಜೇತಾ. "ಕಲಿಸ್ತೆ."

"ಅದು ಸೀನಿಯಾರಿಟಿ ಪ್ರಕಾರ... ನೀವು ಬಂದು ಇನ್ನೂ ವರ್ಷ ಆಗ್ಲಿಲ್ಲ."

"ಹಾಂಗಾದ್ರೆ ನಾನೂ ಹೊಸಬಳೇ. ಹೊಸಬಳು ಹೊಸಬರಿಗೆ ಹ್ಯಾಂಗೆ ಕಲಿಸೂದು ಸಾಹೇಬ್ರೆ? ಸೀನಿಯರ್ ಯಾರಿದ್ದಾರೋ ಅವ್ರನ್ನೇ ಕರೀರಿ."

ಸೀನಿಯರ್ ಎನ್ನಿಸಿಕೊಳ್ಳುವವರು ಯಾರೂ ಉಳಿದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮ್ಯಾನೇಜರ್ ಕಿಟಕಿಯ ಹೊರಗೆ ನೋಡಿದರು, ಫ್ಯಾನ್ ನೋಡಿದರು. ವಿಜೇತಾ ನಿಂತೇ ಇದ್ದಳು. ಮಧುಕರ ಡಾಕ್ಟರ ಎದುರು ಹದಿನಾರು ವರ್ಷದಲ್ಲಿ ಹೀಗೆ ಒಂದು ಸಲವಾದರೂ ನಿಂತಿದ್ದರೆ ಎಂದು ಅನಿಸದೆ ಇರಲಿಲ್ಲ.

"ನೋಡ್ವ," ಎಂದರು ಅವರು.

"ನೋಡಿ. ನೋಡಿ ಆದ್ಮೇಲೆ ಹೇಳಿ ಕಳಿಸಿ."

ಒಂದು ವಾರ ಹೇಳಿ ಕಳಿಸಲಿಲ್ಲ. ಹೊಸ ಹುಡುಗಿಯರು ಬಂದು, ವಾರ್ಡಿನಲ್ಲಿ ಗಲಾಟೆಯಾಗಿ, ಅಲ್ಲಿ ಮಲಗಿದ್ದ ಬೈತಖೋಲದ ಒಬ್ಬ ಬೋಟಿನವನ ಮನೆಯವರು ದೂರು ಹೊತ್ತು ಮ್ಯಾನೇಜರ ಕೋಣೆಯಲ್ಲೇ ಬಂದು ಕೂತ ಮೇಲೆ ಆರ್ಡರ್ ಬಂತು. ಹಂಗಾಮಿ ಇನ್‌ಚಾರ್ಜ್. ಸಂಬಳದ ವಿಷಯ ಮುಂದೆ ಪರಿಶೀಲಿಸಲಾಗುವುದು.

"ಹಂಗಾಮಿ ಅಂದ್ರೆ ಎಂತದು?" ಎಂದು ಸಂದೇಶ ಬಸ್ಸಿನಲ್ಲಿ ಕೇಳಿದ. ಅವನಿಗೆ ಗೊತ್ತಿತ್ತು, ಗುಮಾಸ್ತನಲ್ಲವೇ. ಅವಳು ಸಿಟ್ಟಾಗಿದ್ದಾಳೋ ಇಲ್ಲವೋ ನೋಡಲು ಕೇಳಿದ್ದು.

"ಕೆಲಸ ಪೂರ್ತಿ, ಸಂಬಳ ಹಳೇದು ಅಂತ ಅರ್ಥ," ಎಂದಳು ವಿಜೇತಾ. "ಮೂರು ತಿಂಗ್ಳು ನೋಡ್ತೆ. ಆಮೇಲೆ ಮತ್ತೆ ಹೋಗಿ ಅವ್ರ ಕೋಣೆಲ್ಲಿ ನಿಲ್ತೆ."

"ಜಗಳ ಮಾಡ್ತ್ಯಾ?"

"ಮಾಡ್ತೆ," ಎಂದು ಹೇಳಿ, ಪಕ್ಕಕ್ಕೆ ಸರಿದು, ಹತ್ತಿ ಬಂದ ಬಸುರಿಯೊಬ್ಬಳಿಗೆ ಸೀಟಿನಲ್ಲಿ ಜಾಗ ಮಾಡಿಕೊಟ್ಟಳು.